ಸೊಟ್ಟ ಹೊಲಿಗೆಯ ಹುರುಳಿ ಚೀಲ

ನಾನು ಒಂದು ಚೀಲ. ಸಂತೆಗೆ ಹೋಗಿಬರುವ ಚೀಲವಲ್ಲ, ಪುಸ್ತಕ ಹೊರುವ ಚೀಲವೂ ಅಲ್ಲ. ಚೀಲವಾಗುವ ಮೊದಲು ನಾನು ಒಂದು ಖಾಕಿ ಪ್ಯಾಂಟಿನ ಎಡಗಾಲಾಗಿದ್ದೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗುವ ಸಂಗತಿ ಹೆಚ್ಚಿಲ್ಲ.

ಪ್ಯಾಂಟು ಜಂಬಣ್ಣನದು. ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ಗುಂಡ್ಲಕೇರಿ ಅಂತ ಒಂದು ಊರಿದೆ. ಅಲ್ಲಿನ ಪಕ್ಷಿಧಾಮಕ್ಕೆ ಅವನು ಕಾವಲುಗಾರ. ಅಂಬಿಗರ ಮನೆಯವನು, ಸರಿಯಾಗಿ ನಡೆಯುವ ಮೊದಲೇ ಹರಿಗೋಲು ತಿರುಗಿಸಲು ಕಲಿತವನು. ದಿನವಿಡೀ ಬಂಡೆಯ ಮೇಲೆ ಕೂತು ಹಕ್ಕಿ ಕಾಯುತ್ತಿದ್ದುದರಿಂದ ಪ್ಯಾಂಟಿನ ಕುಂಡೆ ಸವೆದು ಜಾಲರಿಯಾಯಿತು. ಕಾಲುಗಳು ಮಾತ್ರ ಗಟ್ಟಿಮುಟ್ಟಾಗಿ ಉಳಿದವು. ಅವನ ಹೆಂಡತಿ ಗಂಗಮಾಳವ್ವ ಎರಡೂ ಕಾಲು ಕತ್ತರಿಸಿದಳು. ಬಲಗಾಲು ಗಂಡನ ರೊಟ್ಟಿ ಚೀಲವಾಯಿತು. ಎಡಗಾಲಿಗೆ, ಅಂದರೆ ನನಗೆ, ಒಂದು ತುದಿ ಹೊಲಿದು, ನಾಲ್ಕು ಸೇರು ಹುರುಳಿ ಸುರಿದು, ನುಸಿ ಬೀಳದಿರಲೆಂದು ಒಂದು ಹಿಡಿ ಒಣ ಬೇವಿನೆಲೆ ಹಾಕಿ, ಇನ್ನೊಂದು ತುದಿಯನ್ನೂ ಹೊಲಿದಳು.

ಹೊಲಿದಳು ಅನ್ನುವುದೂ ಒಂದು ಮಾತು! ಬಟ್ಟೆ ಒಂದು ಕಡೆ, ಸೂಜಿ ಒಂದು ಕಡೆ. ಪಾಪ, ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪಕ್ಕದ ಮನೆಯವಳ ಹತ್ತಿರ ದಾರ ಪೋಣಿಸಿಕೊಂಡು ಬಂದು, ಬೆರಳಿನಿಂದ ತಡಕಿ ತಡಕಿ ಒಂದೊಂದು ಹೊಲಿಗೆ ಹಾಕಿದಳು. ಎರಡು ಸಲ ಸೂಜಿ ಬೆರಳಿಗೆ ನೆಟ್ಟಿತು. ನನ್ನ ಅಂಚಿನಲ್ಲಿ ಇವತ್ತಿಗೂ ಒಂದು ಕಂದು ಚುಕ್ಕೆ ಉಳಿದಿದೆ. ಹೊಲಿಗೆ ಕುಡಿದವನ ನಡಿಗೆಯ ಹಾಗೆ ಅಲ್ಲಿಂದಿಲ್ಲಿಗೆ ಓಲಾಡಿಕೊಂಡು ಹೋಗಿತ್ತು. ಆ ಸೊಟ್ಟ ಹೊಲಿಗೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಆದದ್ದೆಲ್ಲ ಅದರಿಂದಲೇ ಶುರುವಾಯಿತು.

ನನ್ನ ಕೆಲಸ ಏನೆಂದು ಹೇಳುತ್ತೇನೆ. ನೀರಿನ ಅಂಚಿಗೆ ಬಿದಿರು ತಟ್ಟಿ ಕಟ್ಟಿ, ಜೊಂಡು ಹೊದಿಸಿದ ಒಂದು ಪುಟ್ಟ ಮನೆ ಇತ್ತು. ಫೋಟೋ ತೆಗೆಯುವವರು ಅದನ್ನು ಹೈಡ್ ಅನ್ನುತ್ತಿದ್ದರು, ಊರವರಿಗೆ ಅದು ತಟ್ಟಿಮನೆ. ಒಳಗೆ ಒಂದು ಬೆಂಚು, ಎದುರಿಗೆ ಉದ್ದಕ್ಕೆ ಕೊರೆದ ಸೀಳುಗಿಂಡಿ, ಗಿಂಡಿಯ ಕೆಳಗೆ ಒಂದು ಹಲಗೆ. ಮನುಷ್ಯ ಕಾಣದಂತೆ ಒಳಗೆ ಕೂತು ಗಿಂಡಿಯಿಂದ ಕ್ಯಾಮೆರಾದ ಮೂತಿ ಮಾತ್ರ ಹೊರಗೆ ಚಾಚಬೇಕು. ಆ ಮೂತಿ ಅಂದರೆ ಸಾಮಾನ್ಯವೇ? ಒಂದು ಕೈಕೂಸಿನಷ್ಟು ಭಾರ. ಬರೀ ಕೈಯಲ್ಲಿ ಹಿಡಿದರೆ ನಡುಗುತ್ತದೆ, ಹಾರುವ ಹಕ್ಕಿ ಮಸಿ ಒರೆಸಿದಂತೆ ಬರುತ್ತದೆ. ಅದಕ್ಕೆ ಹಲಗೆಯ ಮೇಲೆ ನಾನು ಮಲಗಬೇಕು, ನನ್ನ ಮೇಲೆ ಲೆನ್ಸ್ ಮಲಗಬೇಕು. ಹುರುಳಿ ಜರುಗಿ ಅದಕ್ಕೆ ಗುಳಿ ಮಾಡಿಕೊಡುತ್ತಿತ್ತು. ಆಮೇಲೆ ಅದು ಎತ್ತ ಬೇಕಾದರೂ ತಿರುಗುತ್ತಿತ್ತು, ಆದರೆ ನಡುಗುತ್ತಿರಲಿಲ್ಲ.

ಕೆಳಗಿನಿಂದ ಮನುಷ್ಯರನ್ನು ನೋಡಿದ್ದೀರಾ? ನಾನು ಬೇರೆ ಕಡೆಯಿಂದ ನೋಡಿಯೇ ಇಲ್ಲ. ಎಂಥೆಂಥ ದೊಡ್ಡವರು ಬಂದರೂ ನನಗೆ ಕಂಡದ್ದು ಗದ್ದ, ಮೂಗಿನ ಹೊಳ್ಳೆ, ಗಂಟಲ ಗಂಟು ಮತ್ತು ಮೊಣಕೈ. ಮುಖ ಸುಳ್ಳು ಹೇಳಬಹುದು, ಮೊಣಕೈಗೆ ಆ ಕಲೆ ಬರುವುದಿಲ್ಲ. ಹಕ್ಕಿ ಏಳುವ ಮೊದಲು ಯಾರ ಉಸಿರು ಎಷ್ಟು ಬಿಗಿಯಾಗುತ್ತದೆ, ಚಿತ್ರ ತಪ್ಪಿದಾಗ ಯಾರು ಯಾರ ತಾಯಿಯನ್ನು ಬೈಯುತ್ತಾರೆ, ಎಲ್ಲ ನನಗೆ ಗೊತ್ತು.

ನನ್ನನ್ನು ಹೊಲಿಸಿದ್ದು ಡಾಕ್ಟರ್ ಸುಧನ್ವ ಅವರಿಗಾಗಿ. ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರು, ಭಾನುವಾರ ಬಂತೆಂದರೆ ಹಕ್ಕಿ ಹುಚ್ಚು. ಮೊದಲ ಸಲ ಬಂದಾಗ ಟವೆಲ್ ಮಡಿಸಿ ಲೆನ್ಸಿನ ಅಡಿಗೆ ಇಟ್ಟುಕೊಂಡು ಒದ್ದಾಡಿದ್ದರು. ಅದನ್ನು ನೋಡಿ ಜಂಬಣ್ಣ ಹೆಂಡತಿಗೆ ಹೇಳಿ ನನ್ನನ್ನು ಮಾಡಿಸಿದ. ಮುಂದಿನ ಭಾನುವಾರ ಡಾಕ್ಟರರು ನನ್ನನ್ನು ಕೈಗೆತ್ತಿಕೊಂಡವರು ಲೆನ್ಸ್ ಇಡುವುದನ್ನೇ ಮರೆತು ಹೊಲಿಗೆ ನೋಡುತ್ತ ಕೂತರು.

"ಜಂಬಣ್ಣ, ಇದನ್ನ ಹೊಲಿದವರು ಯಾರು?"

"ನಮ್ಮಾಕಿರೀ. ಯಾಕ್ರೀ, ಕಿತ್ತೈತೇನು?"

"ಕಿತ್ತಿಲ್ಲ. ಅವರಿಗೆ ಕಣ್ಣು ಕಾಣಿಸ್ತದಾ?"

ಜಂಬಣ್ಣ ತಲೆ ಕೆರೆದುಕೊಂಡ. "ಸ್ವಲ್ಪ ಮಂಜ್ರೀ. ವಯಸ್ಸಾತಲ್ರೀ, ಇನ್ನೇನು ಮಾಡಾದು."

"ವಯಸ್ಸಲ್ಲಪ್ಪ, ಪೊರೆ. ನಾಳೆ ಬಸ್ ಹತ್ತಿಸಿ ಕರ್ಕೊಂಡು ಬಾ."

ಆ ಕಾಲದ ಡಾಕ್ಟರರ ಬಗ್ಗೆ ನನಗೆ ಎರಡು ಮಾತಿಲ್ಲ. ಗಂಗಮಾಳವ್ವನ ಬಲಗಣ್ಣಿನ ಪೊರೆ ತೆಗೆದರು. ಒಂದು ಬಿಡಿಗಾಸೂ ಮುಟ್ಟಲಿಲ್ಲ. ಎಡಗಣ್ಣಿನದು ಇನ್ನೂ ಬಲಿತಿಲ್ಲ, ಮುಂದೆ ನೋಡೋಣ ಅಂದರು. ಹದಿನೈದು ದಿನ ಕಳೆದ ಮೇಲೆ ಅವಳು ಗಂಡನಿಗೆ ರೊಟ್ಟಿ ತಗೊಂಡು ತಟ್ಟಿಮನೆಗೆ ಬಂದಳು. ಗಿಂಡಿಯಿಂದ ಇಣುಕಿದವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನೇ, ಅದರ ಕೊಕ್ಕು ಹಳದಿ ಐತಿ! ಎಷ್ಟ್ ವರ್ಷಾಗಿತ್ತು ನೋಡಿ!"

ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ನಾನಾ ಹೊಲ್ದಿದ್ದು? ಥೂ, ಮಂದಿ ನಕ್ಕಾರು, ಕೊಡ್ರಿ ಬಿಚ್ಚಿ ಹೊಲೀತೀನಿ" ಅಂದಳು. ಡಾಕ್ಟರರು ಕೊಡಲಿಲ್ಲ. ಹಾಗೇ ಇರಲಿ, ನನಗೆ ಇದೇ ಚಂದ ಅಂದರು. ಮೂವರೂ ನಕ್ಕರು. ನನ್ನ ಬಾಳಿನಲ್ಲಿ ಅದಕ್ಕಿಂತ ಒಳ್ಳೆಯ ದಿನ ಬರಲಿಲ್ಲ.

ಇನ್ನು ಆ ಹಳದಿ ಕೊಕ್ಕಿನ ಹಕ್ಕಿಯ ವಿಷಯ. ಪುಸ್ತಕದಲ್ಲಿ ಅದಕ್ಕೆ ರೀವ ಅನ್ನುತ್ತಾರಂತೆ, ಅಂಬಿಗರು ಹೊಳೆಹಕ್ಕಿ ಅನ್ನುತ್ತಾರೆ. ಬೂದಿ ಬಣ್ಣದ ಮೈ, ಕರಿ ಟೋಪಿ, ಕೆಂಪು ಕಾಲು, ಸೀಳಿದ ಬಾಲ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ತಟ್ಟಿಮನೆಯ ಎದುರಿಗೆ ಒಂದು ದೊಡ್ಡ ಚಪ್ಪಟೆ ಬಂಡೆ ಎದ್ದು ನಿಲ್ಲುತ್ತಿತ್ತು. ವರ್ಷಾವರ್ಷ ಎಪ್ಪತ್ತು ಜೋಡಿ ಹಕ್ಕಿಗಳು ಅದರ ಮೇಲೆ ಬಂದಿಳಿಯುತ್ತಿದ್ದವು. ಗೂಡಿಲ್ಲ, ಕಡ್ಡಿಯಿಲ್ಲ, ನೆರಳಿಲ್ಲ. ಬರೀ ಬಂಡೆಯ ಮೇಲೆ ಒಂದೊಂದು ಜೋಡಿ ಎರಡೋ ಮೂರೋ ತತ್ತಿ ಇಡುತ್ತಿತ್ತು.

ಜಂಬಣ್ಣ ಈ ಬಂಡೆಯನ್ನು ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದ. ನಾಯಿ ಈಜಿ ಹೋದರೆ ಹರಿಗೋಲಿನ ಹುಟ್ಟು ಹಿಡಿದು ಅಟ್ಟುತ್ತಿದ್ದ. ಬಲೆ ಹಾಕಲು ಬಂದ ತನ್ನ ಸ್ವಂತ ತಮ್ಮನ ಜೊತೆ ಮಾತು ಬಿಟ್ಟಿದ್ದ. ಮೊದಲ ತತ್ತಿ ಕಂಡ ದಿನ ತಟ್ಟಿಮನೆಯ ಗಳಕ್ಕೆ ಒಂದು ಹಗ್ಗ ಕಟ್ಟಿ, ದಿನಕ್ಕೊಂದು ಗಂಟು ಹಾಕುತ್ತಿದ್ದ. ಇಪ್ಪತ್ತೆರಡು ಗಂಟಿಗೆ ಮರಿ ಹೊರಗೆ. ಮರಿ ಕಂಡ ದಿನ ಊರಿಗೆಲ್ಲ ಬೆಲ್ಲ ಹಂಚುವನು! ಹೆಂಡತಿ ಬೈದರೂ ಬಿಡುತ್ತಿರಲಿಲ್ಲ. ಆ ದಂಪತಿಗೆ ಮಕ್ಕಳಿರಲಿಲ್ಲ ಎಂಬುದನ್ನು ನಾನು ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಅವನದೊಂದು ಕಟ್ಟಳೆ ಇತ್ತು. ಹಕ್ಕಿ ತಾನಾಗಿ ಹಾರಿದಾಗ ಚಿತ್ರ ತೆಗೆಯಬೇಕು, ಯಾರೂ ಅದನ್ನು ಹಾರಿಸುವಂತಿಲ್ಲ. ಬೇರೆ ಕಡೆ ಚಪ್ಪಾಳೆ ತಟ್ಟಿ, ಕಲ್ಲು ಎಸೆದು ಹಾರಿಸುತ್ತಾರಂತೆ. ಇಲ್ಲಿ ಯಾರಾದರೂ ಕೈ ಎತ್ತಿದರೆ ಜಂಬಣ್ಣ ಎದ್ದು ನಿಲ್ಲುತ್ತಿದ್ದ.

"ಮಧ್ಯಾಹ್ನ ಆ ಬಂಡಿಗಲ್ಲಿನ ಮ್ಯಾಲ ಕಾಲಿಟ್ಟು ನೋಡ್ರಿ, ಬೊಬ್ಬಿ ಬರ್ತಾವ. ಅವ್ವ ಹಕ್ಕಿ ಕಾವು ಕೊಡಾಕ ಕುಂತಿಲ್ರೀ, ನೆಳ್ಳು ಮಾಡಾಕ ಕುಂತೈತಿ. ಗಂಡು ಬಂದು ಕುಂತ ಮ್ಯಾಲ ಇದು ಹೋಗಿ ನೀರಾಗ ಹೊಟ್ಟಿ ತೋಯಿಸ್ಕೊಂಡು ಬಂದು ತತ್ತಿ ತಂಪು ಮಾಡ್ತೈತಿ. ಅರ್ಧ ತಾಸು ಎಬ್ಬಿಸಿದ್ರ ತತ್ತಿ ಒಳಗ ಕುದೀತಾವ."

ಹಾಗಂತ ಅವನು ಬಂದವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಯಾವ ಹಕ್ಕಿ ಯಾವಾಗ ಹಾರುತ್ತದೆಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಹಕ್ಕಿ ತುಸು ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತೆಂದರೆ ಮುಗಿಯಿತು. "ಹಾಕ್ತು ನೋಡ್ರಿ, ಬಟನ್ ಒತ್ರಿ!" ಅನ್ನುತ್ತಿದ್ದ. ಅಷ್ಟರಲ್ಲಿ ಹಕ್ಕಿ ಗಾಳಿಯಲ್ಲಿ ಇರುತ್ತಿತ್ತು. ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತವರು ಹಕ್ಕಿಯ ಮುಕುಳಿಯನ್ನು ಭಕ್ತಿಯಿಂದ ನೋಡುತ್ತ ಕೂತಿರುವುದು ನನಗೆ ಭಾರಿ ಮೋಜಾಗಿತ್ತು. ಡಾಕ್ಟರರೂ ಈ ವಿದ್ಯೆ ಕಲಿತರು. ನಾಲ್ಕು ವರ್ಷ ನನ್ನ ಮೇಲೆ ಲೆನ್ಸ್ ಇಟ್ಟು ಒಳ್ಳೊಳ್ಳೆಯ ಚಿತ್ರ ತೆಗೆದರು. ಮೀನು ಕಚ್ಚಿಕೊಂಡು ಬರುವ ಹಕ್ಕಿ, ನೀರು ಸೀಳಿ ಏಳುವ ಹಕ್ಕಿ. ಸಾಕಾಗಿತ್ತು. ಅವರಿಗೆ ಸಾಕೆನಿಸಲಿಲ್ಲ.

ಐದನೇ ವರ್ಷ ಅವರ ತಲೆಗೆ ಒಂದು ಚಿತ್ರ ಹೊಕ್ಕಿತು. ಬಂಡೆಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದಿರಬೇಕು. ನೆತ್ತಿಯ ಮೇಲೆ ಸೂರ್ಯನಿರಬೇಕು, ನೀರಿನಿಂದ ಚಿಮ್ಮಿದ ಬೆಳಕು ರೆಕ್ಕೆಗಳ ಅಡಿಗೆ ಬಿದ್ದು ಅವು ಒಳಗಿನಿಂದ ಹೊಳೆದಂತೆ ಕಾಣಬೇಕು. ಎಲ್ಲಿಯೋ ದೊಡ್ಡ ಸ್ಪರ್ಧೆ ಇತ್ತು, ಚಿತ್ರ ಕಳಿಸಲು ಕೊನೆಯ ದಿನ ಹತ್ತಿರ ಬಂದಿತ್ತು. ನಾಲ್ಕು ಭಾನುವಾರ ಬಂದು ಕಾದರು. ಬಂಡೆಯ ಮೇಲೆ ಕೂತ ಹಕ್ಕಿಗಳು ಒಂದೊಂದಾಗಿ ಏಳುತ್ತಿದ್ದವೇ ಹೊರತು ಎಲ್ಲವೂ ಒಟ್ಟಿಗೆ ಏಕೆ ಎದ್ದಾವು? ಅವಕ್ಕೆ ಸ್ಪರ್ಧೆಯ ಸುದ್ದಿ ಯಾರು ಹೇಳಿದ್ದರು?

ಐದನೇ ಭಾನುವಾರ. ಹಗ್ಗದಲ್ಲಿ ಹದಿನೈದನೇ ಗಂಟು ಬಿದ್ದಿತ್ತು. ಬೆಳಗಿನಿಂದ ಕೂತ ಡಾಕ್ಟರರ ಅಂಗಿ ಬೆವರಿನಲ್ಲಿ ತೊಯ್ದು ನನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಹನ್ನೆರಡೂವರೆಯ ಹೊತ್ತಿಗೆ ಅವರು ಬಾಯಿಬಿಟ್ಟರು.

"ಜಂಬಣ್ಣ, ಒಂದೇ ಒಂದು ಸಲ. ಹರಿಗೋಲು ತಗೊಂಡು ಬಂಡೆ ಹಿಂದೆ ಹೋಗಿ ಸ್ವಲ್ಪ ಸದ್ದು ಮಾಡಪ್ಪ."

"ಬ್ಯಾಡ್ರೀ ಸಾಹೇಬ್ರ. ನಿಮಗ ಗೊತ್ತೈತಲ್ರೀ."

"ಎದ್ದು ಒಂದು ಸುತ್ತು ಹಾಕಿ ಕೂತ್ಕೋತವೆ. ಎರಡು ನಿಮಿಷದ ಮಾತು."

"ಎರಡು ನಿಮಿಷ ಅಂತ ಹಕ್ಕಿಗೆ ಯಾರು ಹೇಳ್ಬೇಕ್ರೀ?"

ಡಾಕ್ಟರರು ಗಿಂಡಿಯಿಂದ ಕಣ್ಣು ತೆಗೆಯದೆ ಕೇಳಿದರು: "ಗಂಗಮಾಳವ್ವನ ಕಣ್ಣು ಹೇಗಿದೆ?"

ಅಷ್ಟೇ ಕೇಳಿದ್ದು. ಬೇರೆ ಯಾರಾದರೂ ಕೇಳಿದ್ದರೆ ಕುಶಲ ವಿಚಾರಿಸಿದರು ಅನ್ನಬಹುದಿತ್ತು. ಆದರೆ ಅವರ ಮೊಣಕೈ ನನ್ನ ಮೇಲಿತ್ತಲ್ಲ! ಆ ಮಾತು ಆಡುವಾಗ ಅದು ಕಲ್ಲಿನಂತೆ ಬಿಗಿದುಕೊಂಡಿತ್ತು. ಸುಮ್ಮನೆ ಕೇಳುವವನ ಮೊಣಕೈ ಹಾಗೆ ಬಿಗಿಯುವುದಿಲ್ಲ. ಅವರು ಆ ಮಾತನ್ನು ತೂಕ ಹಾಕಿ ಇಟ್ಟರು, ಜಂಬಣ್ಣ ತೂಕಕ್ಕೆ ಸರಿಯಾಗಿ ಕೇಳಿಸಿಕೊಂಡ.

"ಚೊಲೋ ಐತ್ರೀ" ಅಂದ. ಆಮೇಲೆ ಎದ್ದು ಹುಟ್ಟು ತಗೊಂಡು ಹೊರಟುಹೋದ.

ಹರಿಗೋಲು ಸುತ್ತು ಬಳಸಿ ಬಂಡೆಯ ಹಿಂದೆ ಹೋಯಿತು. ಹುಟ್ಟಿನಿಂದ ಹರಿಗೋಲಿನ ಅಂಚಿಗೆ ಒಂದು ಏಟು. ಎಪ್ಪತ್ತು ಜೋಡಿ ಹಕ್ಕಿಗಳು ಒಮ್ಮೆಗೇ ಎದ್ದವು. ಏನು ಸದ್ದು, ಏನು ಕೂಗು! ಲೆನ್ಸ್ ನನ್ನ ಮೇಲೆ ಎಡದಿಂದ ಬಲಕ್ಕೆ ತಿರುಗಿತು, ಕ್ಯಾಮೆರಾ ಪಟಪಟ ಬಡಿದುಕೊಂಡಿತು. ಚಂದವಿತ್ತು, ಇಲ್ಲವೆನ್ನಲಾರೆ. ರೆಕ್ಕೆಗಳ ಅಡಿಯಲ್ಲಿ ಅವರು ಹೇಳಿದ್ದ ಬೆಳಕು ನಿಜವಾಗಿಯೂ ಇತ್ತು. ಹಕ್ಕಿಗಳು ಸುತ್ತು ಹಾಕಿ ಇನ್ನೇನು ಇಳಿಯುತ್ತಿದ್ದವು, ಡಾಕ್ಟರರು ಗಿಂಡಿಯಿಂದ ಕೈ ಹೊರಗೆ ಹಾಕಿ ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಮತ್ತೆ ಏಟು ಬಿತ್ತು, ಮತ್ತೆ ಎದ್ದವು. ಈ ಸಲ ಅವು ಬಂಡೆಯ ಹತ್ತಿರ ಬರಲು ಹೆದರಿ ನೀರಿನ ಮೇಲೆಯೇ ಸುತ್ತಿದವು, ಸುತ್ತಿದವು. ಡಾಕ್ಟರರು ಕ್ಯಾಮೆರಾದ ಹಿಂಬದಿಯ ಪರದೆ ನೋಡಿಕೊಂಡು ಕೂಗಿದರು: "ಭಲೇ ಜಂಬಣ್ಣ! ಭಲೇ!"

ನಿಜ ಹೇಳಬೇಕು. ಮೂರನೇ ಏಟು ಹಾಕಲು ಯಾರೂ ಹೇಳಲಿಲ್ಲ. ಆ ಭಲೇ ಕೇಳಿ, ಇಷ್ಟೆಲ್ಲ ಆದ ಮೇಲೆ ಸಾಹೇಬರ ಕೆಲಸ ಪೂರ್ತಿಯಾಗಲೆಂದು ಜಂಬಣ್ಣ ತಾನೇ ಹಾಕಿದ. ಋಣ ಒಂದೇ ದಿನಕ್ಕೆ ತೀರಿಹೋಗಲೆಂದುಕೊಂಡನೋ ಏನೋ. ನನ್ನದೂ ತಪ್ಪಿದೆ. ನಾನು ಒಂದು ಸಲ ಜರುಗಿದ್ದರೆ ಚಿತ್ರವೆಲ್ಲ ಕೆಡುತ್ತಿತ್ತು. ನಾನು ಅಲುಗಲಿಲ್ಲ. ನಾಲ್ಕು ಸೇರು ಹುರುಳಿ ಹೊಟ್ಟೆಯಲ್ಲಿಟ್ಟುಕೊಂಡು ಒಳ್ಳೆಯ ಆಳಿನಂತೆ ಬಿದ್ದಿದ್ದೆ.

ಮೊದಲ ಏಟಿನಿಂದ ಹಕ್ಕಿಗಳು ಮರಳಿ ಕೂತ ತನಕ ಮುಕ್ಕಾಲು ತಾಸಿನ ಮೇಲಾಗಿತ್ತು. ಕೂತವು. ಹೊಟ್ಟೆ ತೋಯಿಸಿಕೊಂಡು ಬಂದು, ಎಂದಿನಂತೆ, ಒಂದೂ ತಪ್ಪದೆ ತಮ್ಮ ತಮ್ಮ ತತ್ತಿಯ ಮೇಲೆಯೇ ಕೂತವು. "ನೋಡು, ಏನೂ ಆಗಿಲ್ಲ" ಅಂದರು ಡಾಕ್ಟರರು. ಜಂಬಣ್ಣನೂ ನೋಡಿದ. ಅವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಕ್ಕಿ ಬಂದು ಕೂತಿತೆಂದರೆ ತತ್ತಿ ಬದುಕಿದೆ ಎಂದು ಒಂಬತ್ತು ವರ್ಷ ಹಕ್ಕಿ ಕಾಯ್ದವನೂ ನಂಬಿಬಿಟ್ಟ.

ಹದಿನಾರು, ಹದಿನೇಳು, ಹದಿನೆಂಟು. ಗಂಟುಗಳು ಬಿದ್ದವು. ಇಪ್ಪತ್ತೆರಡನೇ ಗಂಟಿನ ದಿನ ಜಂಬಣ್ಣ ಬೆಲ್ಲದ ಪೊಟ್ಟಣ ತಂದು ಬೆಂಚಿನ ಮೇಲೆ ಇಟ್ಟುಕೊಂಡು ಕೂತ. ಮರಿ ಕಾಣಲಿಲ್ಲ. ಇಪ್ಪತ್ತಮೂರು. ಇಪ್ಪತ್ತೈದು. ಬೆಲ್ಲಕ್ಕೆ ಇರುವೆ ಮುತ್ತಿದವು. ಹಕ್ಕಿಗಳು ಮಾತ್ರ ಕೂತೇ ಇದ್ದವು. ಉರಿಬಿಸಿಲಿನಲ್ಲಿ ಹೋಗಿ ಹೊಟ್ಟೆ ತೋಯಿಸಿಕೊಂಡು ಬರುವುದು, ತತ್ತಿ ತಣಿಸುವುದು, ಮತ್ತೆ ಹೋಗುವುದು. ಮೂವತ್ತು ಗಂಟು ಬೀಳುವವರೆಗೆ ಜಂಬಣ್ಣ ಗಿಂಡಿ ಬಿಟ್ಟು ಏಳಲಿಲ್ಲ. ನನ್ನ ಮೇಲೆ ಗದ್ದ ಊರಿಕೊಂಡು ನೋಡುತ್ತಿದ್ದ.

ಮೂವತ್ತೊಂದನೇ ದಿನ ಹರಿಗೋಲಿನಲ್ಲಿ ಹೋಗಿ ಒಂದು ತತ್ತಿ ತಂದ. ಗಂಗಮಾಳವ್ವ ರೊಟ್ಟಿ ಹಿಡಿದು ಬಂದಿದ್ದಳು. ಅವಳ ಕೈಗೆ ಕೊಟ್ಟ. ಕೋಳಿ ಸಾಕಿದವಳು, ತತ್ತಿಯ ಜಾತಕ ಬಲ್ಲವಳು. ಕಿವಿಯ ಹತ್ತಿರ ಅಲುಗಿಸಿದಳು, ಗಿಂಡಿಯ ಬೆಳಕಿಗೆ ಹಿಡಿದಳು, ಕೊನೆಗೆ ಹಲಗೆಯ ಅಂಚಿಗೆ ಮೆಲ್ಲಗೆ ತಟ್ಟಿ ಒಡೆದಳು. ನಾತ ಬಂತು. ಒಳಗೆ ಅರೆಬರೆ ಮೂಡಿದ ಮರಿ ಮುದ್ದೆಯಾಗಿ ಅಂಟಿಕೊಂಡಿತ್ತು.

ಅವಳು ಬಲಗಣ್ಣು ಹತ್ತಿರ ತಂದು ನೋಡಿದಳು. "ಕೊಕ್ಕು ಮೂಡೈತಿ" ಅಂದಳು.

ಜಂಬಣ್ಣ ಆಗ ಎಲ್ಲ ಹೇಳಿದ. ಡಾಕ್ಟರರು ಕಣ್ಣಿನ ಬಗ್ಗೆ ಕೇಳಿದ್ದು, ತಾನು ಎದ್ದು ಹೋದದ್ದು, ಮೂರು ಏಟು, ಮೂರನೆಯದು ತನ್ನದೇ ಎಂಬುದನ್ನೂ ಮುಚ್ಚಿಡಲಿಲ್ಲ. ಗಂಗಮಾಳವ್ವ ಚಿಪ್ಪನ್ನು ಹಲಗೆಯ ಮೇಲಿಟ್ಟು ಕೈ ಒರೆಸಿಕೊಂಡಳು.

"ಈ ಕಣ್ಣಿಗೆ ಇದನ್ನ ತೋರ್ಸಾಕ ತಂದ್ರೇನು?" ಅಂದಳು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮತ್ತೆ ತತ್ತಿ ಇಡಲು ಹಕ್ಕಿಗಳಿಗೆ ಹೊತ್ತು ಉಳಿದಿರಲಿಲ್ಲ. ಮುಂಗಾರಿನ ಹೊಸನೀರು ಬಂದು ಬಂಡೆ ಮುಳುಗಿತು. ನೀರು ಕಾಲಿಗೆ ಬರುವವರೆಗೂ ಕೆಲವು ಹಕ್ಕಿಗಳು ಆ ಸತ್ತ ತತ್ತಿಗಳನ್ನು ಬಿಟ್ಟು ಏಳಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಡಾಕ್ಟರರ ಕಾರು ಬಂತು. ಚಿತ್ರಕ್ಕೆ ಮೊದಲ ಬಹುಮಾನ! ಹೆಸರು "ಜೀವೋತ್ಸವ" ಅಂತೆ. ಕಾರಿನಿಂದ ಇಳಿದವರೇ ಜಂಬಣ್ಣನನ್ನು ತಬ್ಬಿಕೊಂಡರು. "ಸಾಹೇಬ್ರ, ಆ ತತ್ತಿ..." ಎಂದು ಅವನು ಎರಡು ಸಲ ಬಾಯಿ ತೆರೆದ. ಅವರ ಸಂಭ್ರಮದಲ್ಲಿ ಮಾತು ತೂರಿಸಲು ಸಂದಿಯೇ ಇರಲಿಲ್ಲ. ದಾವಣಗೆರೆಯಲ್ಲಿ ಪ್ರದರ್ಶನ, ನಿನಗೂ ಸನ್ಮಾನ, ಬರಲೇಬೇಕು ಅಂದರು. ಈ ಚೀಲವೂ ಬರಲಿ, ಇದು ನನ್ನ ಅದೃಷ್ಟದ ಚೀಲ ಎಂದು ನನ್ನನ್ನು ಹೆಗಲಿಗೇರಿಸಿಕೊಂಡು ಹೋದರು. ನನ್ನ ಅದೃಷ್ಟಕ್ಕಿಷ್ಟು ಬೆಂಕಿ ಹಾಕ!

ಪ್ರದರ್ಶನದ ದಿನ ವೇದಿಕೆಯ ಮೇಜಿನ ಮೇಲೆ ನನ್ನನ್ನೂ ಕ್ಯಾಮೆರಾವನ್ನೂ ಇಟ್ಟಿದ್ದರು. ಹಿಂದೆ ಗೋಡೆಯಷ್ಟಗಲ ಆ ಚಿತ್ರ. ನೂರ ನಲವತ್ತು ಹಕ್ಕಿಗಳು, ಹೊಳೆಯುವ ರೆಕ್ಕೆಗಳು, ಕೆಳಗೆ ಬಂಡೆಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ತತ್ತಿಗಳು. ಆ ಚುಕ್ಕೆಗಳನ್ನು ಯಾರೂ ನೋಡಲಿಲ್ಲ. ಒಬ್ಬರು ಎದ್ದು ನಿಂತು ಈ ಚಿತ್ರದಲ್ಲಿ ಸ್ವಾತಂತ್ರ್ಯದ ಆನಂದವಿದೆ ಅಂದರು. ಇನ್ನೊಬ್ಬರು ನಿಸರ್ಗದ ನೃತ್ಯ ಅಂದರು. ನನ್ನ ಹೊಟ್ಟೆಯೊಳಗಿನ ಹುರುಳಿ ಬೇಯುವುದೊಂದು ಬಾಕಿ.

ಬಿಳಿ ಅಂಗಿ ತೊಟ್ಟ ಜಂಬಣ್ಣನಿಗೆ ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅವನು ಚಿತ್ರವನ್ನೇ ನೋಡುತ್ತ ನಿಂತ. ಆಮೇಲೆ ಹೇಳಿದ: "ಅವು ಹಾರಲಿಲ್ರೀ. ನಾನು ಹಾರ್ಸಿದೆ."

ಸಭೆಯೆಲ್ಲ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಎಷ್ಟು ಮುಗ್ಧ, ಎಷ್ಟು ಚಂದದ ಮಾತು ಎಂದು ನಿರೂಪಣೆಯ ಹೆಣ್ಣುಮಗಳು ಮೈಕು ಇಸಿದುಕೊಂಡಳು. ಎರಡನೇ ಮಾತು ಅವನು ಮೈಕಿಲ್ಲದೆ ಹೇಳಿದ.

"ತತ್ತಿ ಎಲ್ಲಾ ಬೆಂದು ಹೋದ್ವು ಸಾಹೇಬ್ರ. ಒಂದು ಮರೀನೂ ಆಗ್ಲಿಲ್ಲ."

ಅದು ಇಬ್ಬರಿಗೆ ಕೇಳಿತು. ಒಬ್ಬ ನಾನು, ಇನ್ನೊಬ್ಬರು ಮೇಜಿಗೆ ಕೈ ಊರಿ ನಿಂತಿದ್ದ ಡಾಕ್ಟರರು. ಅವರ ಕೈ ನನ್ನ ಮೇಲಿತ್ತು. ಸಾವಿರಾರು ಜನರ ಕಣ್ಣಿನೊಳಗೆ ಆಡಿದ ಆ ಕೈ ನನ್ನ ಸೊಟ್ಟ ಹೊಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಎಲಾ, ಈಗ ಹೇಳುತ್ತಾನೆ ಈ ಮನುಷ್ಯ ಎಂದು ನಾನು ಮೈಯೆಲ್ಲ ಕಿವಿಯಾಗಿ ಕಾದೆ. ಅವರು ಹೆಸರು ಕೂಗಿದ ಕೂಡಲೇ ಹೋದರು, ನಗುತ್ತಲೇ ಫಲಕ ಇಸಿದುಕೊಂಡರು, ಫೋಟೋಕ್ಕೆ ನಿಂತರು. ಜಂಬಣ್ಣ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಬಸ್ ಹಿಡಿದ.

ಆಮೇಲಿನ ಮೂರು ವರ್ಷ ನಾನು ಡಾಕ್ಟರರ ಮನೆಯ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಬಿದ್ದಿದ್ದೆ. ಗುಂಡ್ಲಕೇರಿಗೆ ಅವರು ಮತ್ತೆ ಹೋಗಲಿಲ್ಲ. ಬೇರೆ ಊರು, ಬೇರೆ ಹಕ್ಕಿ, ಪ್ಲಾಸ್ಟಿಕ್ ಮಣಿ ತುಂಬಿದ ಹೊಸ ಕಪ್ಪು ಚೀಲ. ಕ್ಯಾಮೆರಾ ತೆಗೆಯಲು ಕಪಾಟು ತೆರೆದರೆ ನನ್ನ ಕಡೆ ನೋಡುತ್ತಿರಲಿಲ್ಲ. ಬೇವಿನೆಲೆ ಪುಡಿಯಾಗಿ ನುಸಿ ಹತ್ತಿತು. ನಾನು ದಿನದಿನಕ್ಕೆ ಹಗುರಾಗುತ್ತ ಹೋದೆ.

ಒಂದು ದಿನ ಅವರೇ ನನ್ನನ್ನು ಎತ್ತಿ, ಧೂಳು ಕೊಡವಿ, ಡ್ರೈವರ್ ನಜೀರನ ಕೈಗೆ ಕೊಟ್ಟರು. "ಗುಂಡ್ಲಕೇರಿಗೆ ಹೋಗಿ ಇದನ್ನ ಕೊಡು. ಅವ್ವನ ಎಡಗಣ್ಣು ಈಗ ಬಲಿತಿರ್ತದೆ, ಕರ್ಕೊಂಡು ಬಾ" ಅಂದರು.

ಗುಂಡ್ಲಕೇರಿಯ ಗೇಟಿನಲ್ಲಿ ಕಾರು 'ಜೀವೋತ್ಸವ'ದ ಕೆಳಗೇ ನಿಂತಿತು. ಆ ಚಿತ್ರವನ್ನು ದೊಡ್ಡ ಬೋರ್ಡು ಮಾಡಿ, ಪಕ್ಷಿಧಾಮಕ್ಕೆ ಸ್ವಾಗತ ಎಂದು ಬರೆದು ನೆಟ್ಟಿದ್ದರು. ಅದರ ಅಡಿಯಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಜಂಬಣ್ಣ ಟಿಕೆಟ್ ಹರಿಯುತ್ತ ಕೂತಿದ್ದ. ಗಂಗಮಾಳವ್ವ ಪಕ್ಕದಲ್ಲಿ ಸೇಂಗಾ ಮಾರುತ್ತಿದ್ದಳು. ಬಂದವರೊಬ್ಬರು ಬೋರ್ಡು ತೋರಿಸಿ, "ಈ ಹಕ್ಕಿ ಎಲ್ಲಿ ಕಾಣಿಸ್ತವೆ?" ಎಂದು ಕೇಳುತ್ತಿದ್ದರು.

"ಅದರಾಗ ಅದಾವಲ್ರೀ, ನೋಡ್ರಿ" ಅಂದ ಜಂಬಣ್ಣ.

ನಜೀರನ ನೆಪದಿಂದ ನನಗೆ ಉಳಿದ ಕಥೆ ತಿಳಿಯಿತು, ಅವನು ಕೇಳಿದ, ಇವರು ಹೇಳಿದರು. ಮರುವರ್ಷ ಇಪ್ಪತ್ತು ಜೋಡಿ ಬಂದು ಬಂಡೆಯ ಮೇಲೆ ಸುತ್ತು ಹಾಕಿ ಇಳಿಯದೆ ಹೋದವಂತೆ. ಅದರಾಚೆಯ ವರ್ಷದಿಂದ ಒಂದೂ ಇಲ್ಲ. ತಟ್ಟಿಮನೆ ಗಾಳಿಗೆ ಮಲಗಿತ್ತು. ಮೂವತ್ತೊಂದು ಗಂಟಿನ ಆ ಹಗ್ಗದಿಂದ ಜಂಬಣ್ಣ ಕುರ್ಚಿಯ ಮುರಿದ ಕಾಲು ಕಟ್ಟಿಕೊಂಡಿದ್ದ.

ನಜೀರ ನನ್ನನ್ನು ಕೊಟ್ಟು, ಬಂದ ಕೆಲಸ ಹೇಳಿದ. ಜಂಬಣ್ಣ ಹೆಂಡತಿಯ ಮುಖ ನೋಡಿದ. "ಹೋಗಿ ಬಾ ಗಂಗಿ. ಆ ಕಣ್ಣು ಪೂರಾ ಹೋಗೈತಿ. ಈ ಬಲಗಣ್ಣೂ ನೀರಾಡಾಕ ಹತ್ತೈತಿ. ನನ್ನ ಮ್ಯಾಲಿನ ಸಿಟ್ಟು ಕಣ್ಣಿನ ಮ್ಯಾಲ ಹಾಕಬ್ಯಾಡ."

"ಅವ್ವ, ಡಾಕ್ಟ್ರು ಏನೂ ಕೇಳಲ್ಲ ನಿಮ್ಮನ್ನ. ಬರ್ರಿ" ಅಂದ ನಜೀರ.

ಗಂಗಮಾಳವ್ವ ಸೇಂಗಾ ಪುಟ್ಟಿ ಪಕ್ಕಕ್ಕೆ ಸರಿಸಿದಳು.

"ಆವತ್ತೂ ಏನೂ ಕೇಳಿರ್ಲಿಲ್ಲಪ ಅವ್ರು. ಒಂದು ಕಣ್ಣಿಗೆ ಬಂಡಿಗಲ್ಲು ಬರಿದಾತು. ಇನ್ನೊಂದು ಕಣ್ಣಿಗೆ ಕೊಡಾಕ ನಮ್ಮ ಹತ್ರ ಏನೈತಿ? ನೀ ಹೋಗಿ ಬಾ, ಬಿಸಲಾಗ ಬಂದಿ, ಸೇಂಗಾ ತಿಂದು ನೀರು ಕುಡಿ."

ಡಾಕ್ಟರರು ಈ ಸಲ ನಿಜವಾಗಿಯೂ ಏನೂ ಕೇಳುತ್ತಿರಲಿಲ್ಲ. ನನ್ನನ್ನು ಡ್ರೈವರನ ಕೈಗೆ ಕೊಡುವಾಗ ಅವರ ಮೊಣಕೈ ಸಡಿಲವಾಗಿತ್ತು, ನನಗೆ ಗೊತ್ತು. ಆದರೆ ಅದನ್ನು ಹೇಳಲು ನನಗೆ ಬಾಯಿಲ್ಲ. ಇದ್ದ ಎರಡು ಬಾಯನ್ನೂ ಅವಳೇ ಹೊಲಿದಿದ್ದಾಳಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಮೂರು ವರ್ಷ ಕಪಾಟಿನಲ್ಲಿಟ್ಟ ಮಾತನ್ನು ಡ್ರೈವರನ ಕೈಯಲ್ಲಿ ಕಳಿಸುವವರಿಗೆ ನಾನೇಕೆ ವಕಾಲತ್ತು ಮಾಡಲಿ?

ಕಾರು ಖಾಲಿಯಾಗಿ ಹೋಯಿತು. ಗಂಗಮಾಳವ್ವ ನನ್ನ ಹೊಲಿಗೆ ಬಿಚ್ಚಿ, ನುಸಿ ತಿಂದ ಹುರುಳಿಯನ್ನು ಕೋಳಿಗಳಿಗೆ ಸುರಿದಳು. ಹಳೆಯ ಸೀರೆಯ ಚಿಂದಿ ತುಂಬಿದಳು. ಗಂಡ ಇಡೀ ದಿನ ಕಬ್ಬಿಣದ ಕುರ್ಚಿಯ ಮೇಲೆ ಕೂರುತ್ತಾನಲ್ಲ, ಅಡಿಗೆ ಮೆತ್ತಗೆ ಒಂದು ಹಾಸು ಬೇಕಿತ್ತು. ಈಗ ನಾನು ಅಲ್ಲಿದ್ದೇನೆ, ಒಂದು ಕಾಲದಲ್ಲಿ ಪ್ಯಾಂಟಾಗಿ ಹೊತ್ತ ಅದೇ ಮನುಷ್ಯನ ಕೆಳಗೆ. ಮೇಲಿನ ಬೋರ್ಡು ನನಗೆ ಕಾಣುವುದಿಲ್ಲ, ಅಷ್ಟರಮಟ್ಟಿಗೆ ಪುಣ್ಯವಂತ.

ಬಾಯಿ ಹೊಲಿಯುವಾಗ ಅವಳು ದಾರ ಪೋಣಿಸಲು ಸೂಜಿಯನ್ನು ಗಂಡನ ಕೈಗೆ ಕೊಟ್ಟಳು. ಆಮೇಲೆ ಬೆರಳಿನಿಂದ ತಡಕಿ ತಡಕಿ ಹೊಲಿದಳು. ಈ ಸಲದ್ದೂ ಸೊಟ್ಟವೇ. ಜಂಬಣ್ಣ ಅದನ್ನು ನೋಡಿದ, ನನ್ನನ್ನು ಕುರ್ಚಿಯ ಮೇಲೆ ಹಾಕಿ ನನ್ನ ಮೇಲೆ ಕೂತ.